ದೊಡ್ಡಪ್ಪನ ಬಳ್ಳಿ ಸಹಿ

ನಮ್ಮ ದೊಡ್ಡಪ್ಪನ ಹೆಸರನ್ನು ಇಲ್ಲಿ ಬರೆಯುವ ಹಾಗಿಲ್ಲ. ಬರೆದರೆ ಯಾರಾದರೂ ಕದ್ದುಬಿಡುತ್ತಾರೆ! ಇದು ನನ್ನ ಮಾತಲ್ಲ, ಅವರದೇ. ಮನೆಗೆ ಬೀಗ ಹಾಕುವುದನ್ನು ಮರೆತು ಪೇಟೆಗೆ ಹೋಗುತ್ತಿದ್ದ ಮನುಷ್ಯ ಹೆಸರಿಗೆ ಮಾತ್ರ ಮೂರು ಬೀಗ ಜಡಿದಿದ್ದರು. ನಂಜನಗೂಡಿನ ಅವರ ಮನೆಗೆ ನಾಮಫಲಕವಿರಲಿಲ್ಲ. ಅವರ ಹೆಸರು, ವಿಳಾಸ ಇರುವ ಯಾವ ಕಾಗದ ಬಂದರೂ ಓದಿದ ಕೂಡಲೇ ನೀರೊಲೆಗೆ ಹೋಗುತ್ತಿತ್ತು. ಹೀಗೆ ಒಂದು ಮದುವೆಯ ಕರೆಯೋಲೆಯೂ ಸುಟ್ಟುಹೋಗಿ, ಛತ್ರ ಯಾವುದೆಂದು ತಿಳಿಯದೆ, ಬೇರೆ ಯಾರದೋ ಮದುವೆಯಲ್ಲಿ ಉಂಡು ಬಂದರು. ಬಾಗಿಲಲ್ಲಿ ಯಾರೋ ಹೆಸರು ಕೇಳಿದ್ದಕ್ಕೆ “ಗಂಡಿನ ಕಡೆಯವರು” ಎಂದಷ್ಟೇ ಹೇಳಿದರಂತೆ.

ದೊಡ್ಡಮ್ಮನ ಹೆಸರಂತೂ ಅವರ ಬಾಯಿಂದ ಬಂದದ್ದೇ ಇಲ್ಲ. ಆ ಕಾಲದ ಎಷ್ಟೋ ಗಂಡಸರು ಹೆಂಡತಿಯ ಹೆಸರು ಹೇಳುತ್ತಿರಲಿಲ್ಲ ಅನ್ನಿ. ಆದರೆ ಪಡಿತರ ಚೀಟಿಗೆ ಮನೆಯವರ ಹೆಸರು ಬರೆದುಕೊಳ್ಳಲು ಬಂದವರ ಮುಂದೆಯೂ ದೊಡ್ಡಪ್ಪ ಅಡುಗೆಮನೆಯತ್ತ ತಿರುಗಿ, “ಏ ಇವಳೇ, ನಿನ್ನ ಹೆಸರು ಕೇಳ್ತಾವ್ರೆ, ನೀನೇ ಬಂದು ಹೇಳು” ಎಂದರು.

“ನೀವೇ ಹೇಳಬಾರದಾ?” ಎಂದೆ.

“ಅದು ಗುಟ್ಟಿನ ವಿಷಯ ಕಣ್ಲಾ.”

ಈ ಅನುಮಾನ ಅವರಿಗೆ ಕಸುಬಿನಿಂದ ಬಂದದ್ದು. ದಿನಾ ಬಸ್ಸಿನಲ್ಲಿ ತಿ. ನರಸೀಪುರಕ್ಕೆ ಹೋಗಿ, ನೋಂದಣಿ ಕಚೇರಿಯ ಎದುರು ಹೊಂಗೆ ಮರದ ಕೆಳಗೆ ಮೇಜು ಹಾಕಿಕೊಂಡು ಕ್ರಯಪತ್ರ ಬರೆಯುತ್ತಿದ್ದರು. ಸತ್ತವರ ಹೆಸರಿನಲ್ಲಿ ಸಹಿ ಹಾಕಲು ಬಂದ ಗಟ್ಟಿಮುಟ್ಟಾದವರನ್ನು ಬೈದು ಅಟ್ಟಿದ್ದರು. ನಾನು ಮೈಸೂರಿನಲ್ಲಿ ಫೀಸು ಕಟ್ಟಿ ಎಂ.ಎ. ಓದಿ ಅನುಮಾನಿಸುವುದನ್ನು ಕಲಿತೆ. ಅವರು ಅದನ್ನು ಮರದಡಿ ಪುಕ್ಕಟೆಯಾಗಿ ಕಲಿತಿದ್ದರು.

ಜೆರಾಕ್ಸ್ ಅಂಗಡಿಯ ಪ್ರಸಂಗ ನೋಡಿ. ಗ್ಯಾಸ್ ಸಂಪರ್ಕಕ್ಕೆಂದು ತಮ್ಮ ಗುರುತಿನ ಚೀಟಿಯ ಪ್ರತಿ ತೆಗೆಸಿದರು. ಆಮೇಲೆ ಅಂಗಡಿಯವನಿಗೆ ಹೇಳಿದರು: “ಈಗ ಖಾಲಿ ಹಾಳೆ ಇಟ್ಟು ಇನ್ನೊಂದು ತೆಗಿ.”

“ಯಾಕ್ ಸಾ?”

“ಮಿಷನ್ ಒಳಗೆ ನನ್ನ ಮುಖ ಉಳ್ಕಂಡಿರ್ತದೆ. ತೊಳೀಬೇಕು.”

“ಅದೇನ್ ಕಾಫಿ ಲೋಟನಾ ಸಾ, ತೊಳೆಯಕ್ಕೆ?”

ಆದರೂ ಅವನು ತೆಗೆದುಕೊಟ್ಟ. ದೊಡ್ಡಪ್ಪ ಆ ಬಿಳಿ ಹಾಳೆಯನ್ನು ಬೆಳಕಿಗೆ ಹಿಡಿದು, ತಮ್ಮ ಮುಖ ಎಲ್ಲೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅದನ್ನೂ ಮಡಿಸಿ ಜೇಬಿಗಿಟ್ಟರು. ಗುರುತಿನ ಚೀಟಿಯ ಪ್ರತಿಯ ಮೇಲೆ “ಇದು ಗ್ಯಾಸಿಗೆ ಮಾತ್ರ” ಎಂದು ಎಷ್ಟು ದಪ್ಪಗೆ ಬರೆದರೆಂದರೆ, ಅರ್ಜಿ ವಾಪಸ್ಸು ಬಂತು. ಕಾರಣ: ಅರ್ಜಿದಾರರ ಮುಖ ಕಾಣುತ್ತಿಲ್ಲ!

ಎರಡು ಸಾವಿರದ ಇಸವಿ ದಾಟಿದ ಮೇಲೆ ಫೋನಿನ ಕಳ್ಳರು ಶುರುವಾದರು. ಒಮ್ಮೆ ನಾನು ಅಲ್ಲೇ ಕೂತಿದ್ದೆ. ಯಾರೋ ಬ್ಯಾಂಕಿನಿಂದ ಎಂದು ಹೇಳಿಕೊಂಡು ಕಾರ್ಡಿನ ನಂಬರ್ ಕೇಳಿದ.

“ಕೊಡ್ತೀನಪ್ಪ,” ಎಂದರು ದೊಡ್ಡಪ್ಪ. “ಮೊದಲು ನೀನು ನೀನೇ ಅನ್ನೋದಕ್ಕೆ ರುಜುವಾತು ಬೇಕಲ್ಲ. ತಂದೆ ಹೆಸರು ಹೇಳು.”

ಅವನು ಹೇಳಿದ. ಹೇಳಿದನಲ್ಲ! ದೊಡ್ಡಪ್ಪ ತಾಯಿಯ ಹೆಸರು, ಸ್ವಂತ ಊರು, ಓದಿದ ಶಾಲೆ ಎಲ್ಲವನ್ನೂ ಕ್ರಯಪತ್ರಕ್ಕೆ ಬರೆದುಕೊಳ್ಳುವಂತೆ ಬರೆದುಕೊಂಡರು. ಕೊನೆಗೆ, “ಇಬ್ಬರು ಸಾಕ್ಷಿ ಕರ್ಕೊಂಡು ಸೋಮವಾರ ಬಾ” ಎಂದರು. ಫೋನು ಕಟ್ಟಾಯಿತು. ಕಳ್ಳನ ಪೂರ್ತಿ ಗುರುತು ನಮ್ಮ ಮನೆಯಲ್ಲಿ ಉಳಿಯಿತು.

ಆದರೆ ದೊಡ್ಡಪ್ಪನ ನಿಜವಾದ ಕೋಟೆ ಅವರ ಸಹಿ. ಒಂದಲ್ಲ, ಆರು! ಒಂದೊಂದು ಕಡೆಗೆ ಒಂದೊಂದು. ಒಂದರಲ್ಲಿ ಸೊನ್ನೆ ಬಿಡುವುದು, ಒಂದರಲ್ಲಿ ಇಲ್ಲದ ದೀರ್ಘ ಎಳೆಯುವುದು, ಇನ್ನೊಂದರಲ್ಲಿ ಒತ್ತಕ್ಷರವನ್ನು ಒಯ್ದು ತಲೆಯ ಮೇಲೆ ಕೂರಿಸುವುದು. ಯಾವುದು ಎಲ್ಲಿಗೆ ಎಂದು ಎಲ್ಲೂ ಬರೆದಿಡುತ್ತಿರಲಿಲ್ಲ. ಒಂದು ದಿನ ಸಹಿ ತಾಳೆಯಾಗಲಿಲ್ಲವೆಂದು ಅಂಚೆ ಕಚೇರಿಯವರು ಬರಿಗೈಲಿ ಕಳಿಸಿದಾಗ, ಚುನಾವಣೆ ಗೆದ್ದವರಂತೆ ಮನೆಗೆ ಬಂದರು. “ನಂಗೇ ಕೊಡ್ಲಿಲ್ಲ ಕಣ್ಲಾ. ಇನ್ನು ಕಳ್ಳನಿಗೆ ಕೊಟ್ಟಾರಾ?”

ಈ ಕೋಟೆಯಲ್ಲಿ ಅವರೇ ಸಿಕ್ಕಿಬಿದ್ದದ್ದು ಒಂದು ಶನಿವಾರ. ದೊಡ್ಡಮ್ಮನಿಗೆ ಗರ್ಭಕೋಶದ ಆಪರೇಷನ್ ಆಗಬೇಕಿತ್ತು. ಅವತ್ತೇ ಮೈಸೂರಿನ ಆಸ್ಪತ್ರೆಗೆ ಸೇರಿಸಿ ಹಣ ಕಟ್ಟಬೇಕು. ಇದ್ದ ಉಳಿತಾಯವೆಲ್ಲ ತಿ. ನರಸೀಪುರದ ಬ್ಯಾಂಕಿನಲ್ಲಿ, ದೊಡ್ಡಪ್ಪನೊಬ್ಬರ ಹೆಸರಲ್ಲಿ. ಹಣ ತೆಗೆದು ಅಲ್ಲಿಂದಲೇ ಮೈಸೂರಿನ ಬಸ್ಸು ಹತ್ತುವುದೆಂದು ಮೂವರೂ ಹೋದೆವು. ಹನ್ನೆರಡಕ್ಕೆ ಕೌಂಟರ್ ಮುಚ್ಚುತ್ತದೆ.

ಮೊದಲ ಸಹಿ ತಾಳೆಯಾಗಲಿಲ್ಲ. ಎರಡನೆಯದೂ ಇಲ್ಲ. ಐದನೆಯದರ ಹೊತ್ತಿಗೆ ಕೌಂಟರಿನವರೂ ಬೆವತಿದ್ದರು. “ನಮ್ಮನೆ ಕ್ರಯಪತ್ರ ಬರೆದೋರೇ ನೀವು. ಮುಖ ನಂಗೊತ್ತು ಸಾರ್. ಆದ್ರೆ ಮುಖ ನೋಡಿ ದುಡ್ಡು ಕೊಡಕ್ಕಾಗಲ್ವಲ್ಲ.”

“ನಿಮ್ಮ ಗುಟ್ಟಿಗಿಷ್ಟು ಬೆಂಕಿ ಹಾಕ,” ಎಂದರು ದೊಡ್ಡಮ್ಮ, ಹೊಟ್ಟೆ ಹಿಡಿದುಕೊಂಡು.

ನನಗೂ ಸಿಟ್ಟು ಬಂದಿತ್ತು. “ಮರೆತೋಗಿದೆ ಅಂತ ಒಪ್ಕೊಳ್ಳಿ ದೊಡ್ಡಪ್ಪ.”

“ಮರ್ತಿಲ್ಲ ಕಣ್ಲಾ.”

“ಮತ್ತೆ ಹಾಕಿ.”

ಅವರು ಪೆನ್ನಿನ ಕ್ಯಾಪು ತಿರುಗಿಸುತ್ತ ನಿಂತರು. ಕೌಂಟರಿನವರಿಗೆ ಮರುಕ ಹುಟ್ಟಿತೋ ಏನೋ, ಬಗ್ಗಿ ಮೆಲ್ಲಗೆ, “ಕೆಳಗಡೆ ಏನೋ ಬಳ್ಳಿ ಥರ ಇರ್ತಿತ್ತಲ್ಲ ಸಾರ್?” ಎಂದರು.

ದೊಡ್ಡಪ್ಪನ ಕಿವಿ ಕೆಂಪಾಯಿತು. “ಏ ಇವಳೇ, ಒಸಿ ಆಚೆ ಓಗಿ ಕೂತ್ಕೋ.”

“ಯಾಕೆ, ನಾನೇನ್ ಕಳ್ಳಿನಾ?”

“ಓಗು ಅಂದ್ನಲ್ಲ.”

ದೊಡ್ಡಮ್ಮ ಗೊಣಗುತ್ತ ಹೊರಗಿನ ಬೆಂಚಿಗೆ ಹೋದರು. ನನಗೂ ಮುಖ ತಿರುಗಿಸಲು ಅಪ್ಪಣೆಯಾಯಿತು. ತಿರುಗಿಸಿದೆ, ಓದಿದವನಲ್ಲವೇ, ಅರ್ಧ ಮಾತ್ರ ತಿರುಗಿಸಿದೆ. ಅವರು ತಮ್ಮ ಹೆಸರು ಬರೆದು, ಕೊನೆಯ ಅಕ್ಷರದ ಬಾಲವನ್ನು ಕೆಳಕ್ಕೆ ಎಳೆದು, ಹಿಂದಕ್ಕೆ ಹಬ್ಬಿಸಿ, ಮೂರು ಸುರುಳಿ ಸುತ್ತಿದರು. ಬಳ್ಳಿಯಲ್ಲ. ಮೂರು ಅಕ್ಷರ. ದೊಡ್ಡಮ್ಮನ ಹೆಸರು.

ಮರೆತಿರಲಿಲ್ಲ. ಹೆಂಡತಿಯ ಎದುರಿಗೆ ಬರೆಯಲು ನಾಚಿಕೆ!

ಸಹಿ ತಾಳೆಯಾಯಿತು. ಆಗ ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಐದು ನಿಮಿಷವಿತ್ತೆಂದು ನನ್ನ ನೆನಪು. ಆ ಬ್ಯಾಂಕಿನಲ್ಲಿ ಗಡಿಯಾರವೇ ಇರಲಿಲ್ಲವೆಂದು ದೊಡ್ಡಮ್ಮ ಈಗಲೂ ವಾದಿಸುತ್ತಾರೆ. ಹಾಗಾದರೆ ಆ ಮೂರು ಅಕ್ಷರವನ್ನು ನಾನು ನಿಜಕ್ಕೂ ಓದಿದೆನೇ, ಅಥವಾ ಆಮೇಲೆ ನಾನೇ ಕಟ್ಟಿಕೊಂಡೆನೇ? ಬಳ್ಳಿಯ ಬಗ್ಗೆ ನನಗೆ ಪೂರ್ತಿ ಖಾತ್ರಿಯಿಲ್ಲ. ಸೋಮವಾರ ಬೆಳಿಗ್ಗೆ ಕೇಳಿಸಿಕೊಂಡದ್ದರ ಬಗ್ಗೆ ಮಾತ್ರ ಅನುಮಾನವಿಲ್ಲ.

ಆಪರೇಷನ್ ಕೋಣೆಯ ಬಾಗಿಲಲ್ಲಿ ನರ್ಸಮ್ಮ ಪಟ್ಟಿ ಹಿಡಿದು ನಿಂತಿದ್ದರು. ದೊಡ್ಡಮ್ಮನಿಗೆ ಆಗಲೇ ಮತ್ತಿನ ಸೂಜಿ ಚುಚ್ಚಿಯಾಗಿತ್ತು; ಅವರು ಕಣ್ಣು ಮುಚ್ಚಿ ಗಾಲಿ ಮಂಚದ ಮೇಲೆ ಮಲಗಿದ್ದರು.

“ಪೇಷೆಂಟ್ ಹೆಸರು ಹೇಳಿ.”

ದೊಡ್ಡಪ್ಪ ಅಭ್ಯಾಸಬಲದಿಂದ “ಏ ಇವಳೇ” ಎಂದು ಮಂಚದತ್ತ ಬಗ್ಗಿದರು. ನಾನು ಹೇಳಲು ಬಾಯಿ ತೆರೆದೆ. ಅವರು ಕೈ ಅಡ್ಡ ಮಾಡಿದರು. ಕಾರಿಡಾರಿನ ಆ ತುದಿ ಈ ತುದಿ ನೋಡಿದರು. ಕಳ್ಳರಾರೂ ಕಾಣಲಿಲ್ಲ. ಆಮೇಲೆ ಆ ಹೆಸರು ಹೇಳಿದರು.

“ಕೇಳಿಸಲಿಲ್ಲ, ಜೋರಾಗಿ ಹೇಳಿ,” ಎಂದರು ನರ್ಸಮ್ಮ.

ಎರಡನೆಯ ಸಲ ಹೇಳುವಾಗ ಅವರ ದನಿ ಕಾರಿಡಾರಿಗೆಲ್ಲ ಕೇಳಿಸುವಷ್ಟು ದೊಡ್ಡದಾಗಿತ್ತು.

ದೊಡ್ಡಮ್ಮ ಕಣ್ಣು ತೆರೆಯದೆಯೇ ತೊದಲಿದರು: “ನಂಗೆ ಮೊದಲ್ನೇ ಸಲಕ್ಕೇ ಕೇಳಿಸ್ತು.”