ಮಾವನವರ ಗಾಡಿಗೆ ಹೊಸ ಮೆದುಳು

ಮನೆಯಲ್ಲಿ ವಿಜ್ಞಾನ ಕಲಿಸುವ ಅಳಿಯನೊಬ್ಬನಿದ್ದರೆ, ಆ ಮನೆಯಲ್ಲಿ ಕೆಟ್ಟ ಯಾವ ವಸ್ತುವೂ ನೇರವಾಗಿ ರಿಪೇರಿ ಅಂಗಡಿಗೆ ಹೋಗುವುದಿಲ್ಲ. ಮೊದಲು ಅಳಿಯನ ಮುಂದೆ ಬರುತ್ತದೆ. ಅವನ ಕೈಯಲ್ಲಿ ಇನ್ನಷ್ಟು ಕೆಟ್ಟು ಆಮೇಲೆ ಅಂಗಡಿಗೆ ಹೋಗುತ್ತದೆ. ನಾನು ಖಾನಾಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ. ವಿದ್ಯುತ್ತಿನ ವಿಷಯದಲ್ಲಿ ನನ್ನ ಜ್ಞಾನ ಒಂದು ಸೆಲ್ಲು, ಒಂದು ಬಲ್ಬು, ಎರಡು ತಂತಿಯ ಚಿತ್ರದಾಚೆ ಹೋಗಿಲ್ಲ. ಆ ಬಲ್ಬೂ ತಪಾಸಣೆಯವರು ಬಂದ ದಿನ ಹತ್ತುವುದಿಲ್ಲ. ಆದರೂ ಮಾವನ ಮನೆಯಲ್ಲಿ ಮಿಕ್ಸರ್ ನಿಂತರೆ ಎಲ್ಲರೂ ನನ್ನ ಮುಖ ನೋಡುತ್ತಾರೆ. ನಾನು ಗಂಭೀರವಾಗಿ ತಲೆಯಾಡಿಸಿ ಸ್ಕ್ರೂಡ್ರೈವರ್ ಕೇಳುತ್ತೇನೆ. ಹೆಂಡತಿಯ ತವರಿನಲ್ಲಿ ನಿಂತು 'ನನಗೆ ಗೊತ್ತಿಲ್ಲ' ಎಂದು ಹೇಳುವ ಧೈರ್ಯ ದೇವರು ಗಂಡಸರಿಗೆ ಕೊಟ್ಟಿಲ್ಲ.

ನಮ್ಮ ಮಾವ ಭರಮಣ್ಣನವರದು ಖಾನಾಪುರದಲ್ಲಿ ಹಂಚಿನ ಕಾರ್ಖಾನೆ. ಗೋವಾದಲ್ಲಿ ಯಾವುದೋ ಕಂಪನಿಯವರು ಹರಾಜಿಗೆ ಇಟ್ಟಿದ್ದ ವಿದೇಶಿ ಪಿಕಪ್ ಗಾಡಿಯೊಂದನ್ನು ಅವರು ಕೊಂಡು ತಂದರು. ಹಂಚು ಹೇರಲು ಎಂದು ತಂದದ್ದು. ಆದರೆ ಅದರ ಹೊಳಪು ನೋಡಿದ ಮೇಲೆ ಅದರಲ್ಲಿ ಹಂಚು ಹೇರುವ ಮನಸ್ಸು ಅವರಿಗೆ ಬರಲಿಲ್ಲ. ತಾವೇ ಏರಿ ಕೂತರು. ಕೆಲವು ತಿಂಗಳಲ್ಲಿ ಗಾಡಿ ತನ್ನ ಗುಣ ತೋರಿಸತೊಡಗಿತು. ಎಡಕ್ಕೆ ತಿರುಗಲು ದೀಪ ಹಾಕಿದರೆ ವೈಪರ್ ಓಡುತ್ತಿತ್ತು. ಬ್ರೇಕ್ ಒತ್ತಿದರೆ ಒಮ್ಮೊಮ್ಮೆ ಹಾರ್ನ್ ಕೂಗುತ್ತಿತ್ತು. ಬಾಗಿಲುಗಳಂತೂ ಮನಸ್ಸು ಬಂದಾಗ ಟಕ್ ಎಂದು ತಾವೇ ಕೀಲಿ ಹಾಕಿಕೊಳ್ಳುತ್ತಿದ್ದವು. ಮಾವನವರು ಇದನ್ನು ದೋಷವೆಂದು ಒಪ್ಪಲೇ ಇಲ್ಲ. "ಫಾರಿನ್ ಗಾಡಿ ಐತಿ ಅಳಿಯಾರ, ತನ್ನ ಬುದ್ಧಿ ತಾನ ನಡಸ್ತದ," ಎಂದರು.

ಆ ಬುದ್ಧಿ ಪೂರ್ತಿ ಬೆಳಗಿದ್ದು ನನ್ನ ನಾದಿನಿ ಪದ್ಮಾಳ ಮದುವೆ ಮಾತುಕತೆಯ ದಿನ. ಪದ್ಮಾ ಪೋಸ್ಟ್ ಆಫೀಸಿನಲ್ಲಿ ನೌಕರಿಯಲ್ಲಿದ್ದಳು. ಹುಡುಗ ಅವಳಿಗೆ ಮೆಚ್ಚಿಗೆಯಾಗಿದ್ದ. ಆದರೆ ಅವನ ತಂದೆ ಅಪ್ಪಾಸಾಹೇಬರು, ಸೊಸೆ ನೌಕರಿ ಬಿಡಬೇಕೆಂದು ಹೇಳಿಕಳಿಸಿದ್ದರು. "ನೌಕರಿ ಬಿಡಾಂಗಿಲ್ಲ. ಬೇಕಾದ್ರ ಹುಡುಗನ್ನ ಬಿಡ್ತೇನಿ," ಎಂದು ಪದ್ಮಾ ಅಳುತ್ತ ಒಳಗೆ ಹೋಗಿದ್ದಳು. ಇದನ್ನು ಬಗೆಹರಿಸಲು ನಾವು ಬೆಳಗಾವಿಗೆ ಹೊರಟೆವು. ಹೆಂಗಸರು ಬುದ್ಧಿವಂತರು, ಬಸ್ಸಿನಲ್ಲಿ ಮೊದಲೇ ಹೋದರು. ಮಾವನವರೂ ನಾನೂ ಪಿಕಪ್ಪಿನಲ್ಲಿ ಹೋಗಿ, ಕೋಟೆಯ ಬಸದಿಯಲ್ಲಿ ಕೈಮುಗಿದು, ಶಹಾಪುರದ ಬೀಗರ ಮನೆ ಮುಂದೆ ಗಾಡಿ ನಿಲ್ಲಿಸಿದೆವು. ಟಕ್!

ಬಾಗಿಲಿನ ಕೀಲಿಗುಂಡಿ ಎಳೆದರೆ ಅದು ಮತ್ತೆ ಕೆಳಗೆ ಕೂರುತ್ತಿತ್ತು. ಕಿಟಕಿಯ ಗಾಜು ನಾಲ್ಕು ಬೆರಳಿನಷ್ಟು ಇಳಿದು ನಿಂತಿತು. ಅಷ್ಟರಲ್ಲಿ ಅಪ್ಪಾಸಾಹೇಬರು ಕೈಮುಗಿಯುತ್ತ ಬಂದರು. "ಬರ್ರಿ, ಇಳೀರಿ, ಒಳಗ ಕುಂದರ್ರಿ."

ಗಾಡಿ ಕೆಟ್ಟಿದೆ ಎಂದು ಹೇಳುವುದಕ್ಕಿಂತ ಮಾವನವರು ಪ್ರಾಣ ಬಿಟ್ಟಾರು. "ಇರ್ಲಿ ತಗೋರಿ, ಇಲ್ಲೇ ಛಲೋ ಗಾಳಿ ಐತಿ," ಎಂದರು. ಹಣೆಯಿಂದ ಬೆವರು ಇಳಿಯುತ್ತಿತ್ತು.

ಹೆಣ್ಣಿನ ತಂದೆ ಬಾಗಿಲಿಗೆ ಬಂದು ಇಳಿಯದೆ ಕೂತರೆ ಅದಕ್ಕೆ ನಮ್ಮ ಕಡೆ ಒಂದೇ ಅರ್ಥ, ಸಿಟ್ಟು. ಅಪ್ಪಾಸಾಹೇಬರ ಮುಖ ಸಣ್ಣಗಾಯಿತು. "ಮದುವಿ ಖಾನಾಪುರದಾಗ ಆಗ್ಲೇಳ್ರಿ," ಎಂದರು. ಮಾವನವರ ಬೆರಳು ಬಾಗಿಲಿನ ಹಿಡಿಯಲ್ಲಿ ಸಿಕ್ಕಿಕೊಂಡಿತ್ತು. "ಮಾನಪಾನದ ಉಡುಗೊರಿ ಮಾತು ಎತ್ತಾಂಗಿಲ್ರೀ." ಮಾವನವರು ಹಲ್ಲು ಕಚ್ಚಿದರು. ಕುಂದಾದ ತಟ್ಟೆ ಬಂತು. ತಟ್ಟೆ ತೂರಲಿಲ್ಲ, ಕುಂದಾ ಚಮಚದಲ್ಲಿ ಕಿಂಡಿಯೊಳಗೆ ಬಂತು. ಮಾವನವರು ತಿಂದರು, ಆದರೂ ಇಳಿಯಲಿಲ್ಲ. ಕೊನೆಗೆ ಅಪ್ಪಾಸಾಹೇಬರು ಗಾಜಿಗೆ ಮುಖ ಹಚ್ಚಿ, "ಆತು, ಹುಡುಗಿ ನೌಕರಿ ಮಾಡ್ಲಿ. ಇನ್ನರೆ ಇಳೀರಿ," ಎಂದರು. ಗಾಡಿ ಟಕ್ ಎಂದು ಕೀಲಿ ಬಿಟ್ಟಿತು. ಮಾವನವರು ಪೇಟ ಸರಿಮಾಡಿಕೊಂಡು ಮಹಾರಾಜರಂತೆ ಇಳಿದರು.

ಹೊರಡುವಾಗ ಅಪ್ಪಾಸಾಹೇಬರು, "ಮುಂದಿನ ಐತವಾರ ಮನಿ ನೋಡಾಕ ನಾ ಇದ ಗಾಡ್ಯಾಗ ಬರ್ತೇನ್ರೀ," ಎಂದುಬಿಟ್ಟರು. ದಾರಿಯುದ್ದಕ್ಕೂ ಮಾವನವರು ಗೆದ್ದ ಸಂತೋಷದಲ್ಲಿದ್ದರು. ಮನೆಗೆ ಬಂದ ಮೇಲೆ ನನ್ನ ಹೆಂಡತಿ ಸುಜಾತಾ ಆ ಸಂತೋಷದ ಗಾಳಿ ತೆಗೆದಳು. "ಅಪ್ಪಾ, ಬೀಗರನ್ನ ಒಳಗ ಹಾಕಿ ಈ ಗಾಡಿ ಕೀಲಿ ಜಡದ್ರ ಎಲ್ಲಾ ತಿಳೀತದ. ಪದ್ಮಾನ ನೌಕರೀನೂ ಹೋಗ್ತದ, ನಿನ್ನ ಮೀಸೀನೂ ಹೋಗ್ತದ."

ಪರಶುರಾಮ ಮಿಸ್ತ್ರಿಯನ್ನು ಕರೆಸಿದೆವು. ಅವನು ಸ್ಟಿಯರಿಂಗಿನ ಕೆಳಗೆ ತಲೆ ತೂರಿಸಿ, ಊಟದ ಡಬ್ಬಿಯಷ್ಟು ದೊಡ್ಡ ಕರಿ ಪೆಟ್ಟಿಗೆಯೊಂದನ್ನು ತೋರಿಸಿದ. "ಇದ ನೋಡ್ರಿ ಗಾಡಿ ಮೆದಳು. ದೀಪ, ಹಾರ್ನು, ಬಾಗಲಾ, ಎಲ್ಲಾ ಇದರ ಮಾತು ಕೇಳ್ತಾವ. ಇದು ಕೆಟ್ಟೈತಿ." ಇಂಥ ಪೆಟ್ಟಿಗೆಯನ್ನು ಅವನೂ ಜೀವಮಾನದಲ್ಲಿ ಮೊದಲ ಸಲ ನೋಡುತ್ತಿದ್ದ ಎಂಬುದು ಆಮೇಲೆ ತಿಳಿಯಿತು. ನಾನು ಎಂದಿನಂತೆ ತಲೆಯಾಡಿಸಿದೆ. ಗೋವಾದ ಬಿಡಿಭಾಗದ ವ್ಯಾಪಾರಿಗೆ ಫೋನು ಮಾಡಿ, ಲೋಂಡಾ ಮಾರ್ಗವಾಗಿ ಬರುವ ಬಸ್ಸಿನ ಕಂಡಕ್ಟರನ ಕೈಯಲ್ಲಿ ಇನ್ನೊಂದು ಪೆಟ್ಟಿಗೆ ತರಿಸಿದೆವು. ಮಿಸ್ತ್ರಿ ಕೂರಿಸಿದ. ಚಾವಿ ತಿರುವಿದರೆ ಗಾಡಿ ಸ್ಟಾರ್ಟೇ ಆಗಲಿಲ್ಲ. ಮುಂದಿನ ಫಲಕದಲ್ಲಿ ಒಂದು ಕೆಂಪು ದೀಪ ಮಿಣುಕುತ್ತಿತ್ತು.

ನಾನು ಎಸ್‌ಟಿಡಿ ಬೂತಿಗೆ ಓಡಿದೆ. ವ್ಯಾಪಾರಿ ಹೇಳಿದ: "ಹೊಸ ಪೆಟ್ಟಗಿಗೆ ನಿಮ್ಮ ಚಾವಿ ಗುರುತು ಇಲ್ರೀ. ಚಾವಿ ತಿರುವಿ ಹಂಗ ಬಿಡ್ರಿ. ದೀಪ ತಾನ ಆರೂ ತನಕ ಯಾರೂ ಏನೂ ಮುಟ್ಟಬ್ಯಾಡ್ರಿ."

ಏನೂ ಮಾಡದೆ ಇರುವುದು! ಖಾನಾಪುರದಲ್ಲಿ ಇದಕ್ಕಿಂತ ಕಠಿಣವಾದ ರಿಪೇರಿ ಇನ್ನೊಂದಿಲ್ಲ. ಅರ್ಧ ಓಣಿ ಕಾರ್ಖಾನೆಯ ಅಂಗಳದಲ್ಲಿ ಸೇರಿತ್ತು. ಒಬ್ಬರು ಬಾನೆಟ್ ಎತ್ತಿದರು. ಇನ್ನೊಬ್ಬರು ನಿಂಬೆಹಣ್ಣು ಕಟ್ಟಲು ಹೇಳಿದರು. ಮಾವನವರು, ಹಾರ್ನ್ ಆದರೂ ಸರಿಯಾಯಿತೋ ನೋಡೋಣವೆಂದು ಒತ್ತಿದರು. ಪ್ರತಿ ಸಲವೂ ಚಾವಿ ತಿರುವಿ ಮೊದಲಿನಿಂದ ಕಾಯಬೇಕಾಯಿತು. ಕೊನೆಗೆ ನಾನೇ ಚಾಲಕನ ಸೀಟಿನಲ್ಲಿ ಕೂತು ಎಲ್ಲರಿಗೂ ಸಂಯಮದ ಮೇಲೆ ಒಂದು ಪಾಠ ಮಾಡಿದೆ. ವಿಜ್ಞಾನವೆಂದರೆ ತಾಳ್ಮೆ ಎಂದು ಕೈ ಬೀಸಿ ಹೇಳುವಾಗ ಕೈ ತಗುಲಿ ಚಾವಿಯೇ ತಿರುಗಿ ಆಫ್ ಆಯಿತು.

ಸುಜಾತಾ ಬಂದು ಎಲ್ಲರನ್ನೂ ಗೇಟಿನಾಚೆ ಅಟ್ಟಿದಳು, ಮೊದಲು ನನ್ನನ್ನು. ಚಾವಿ ತಿರುವಿ, ಮೊರ ತೊಡೆಯ ಮೇಲಿಟ್ಟುಕೊಂಡು ಮೆಂತ್ಯದ ಸೊಪ್ಪು ಸೋಸುತ್ತ ಕೂತಳು. ಸೊಪ್ಪು ಮುಗಿಯುವ ಮೊದಲೇ ದೀಪ ಆರಿತು. ಗಾಡಿ ಸ್ಟಾರ್ಟ್ ಆಯಿತು. ದೀಪ ಹಾಕಿದರೆ ದೀಪವೇ ಹತ್ತಿತು, ಬಾಗಿಲು ಹೇಳಿದಂತೆ ಕೇಳಿತು.

ಭಾನುವಾರ ಮಾವನವರೂ ನಾನೂ ಅಪ್ಪಾಸಾಹೇಬರನ್ನು ಕರೆತರಲು ಹೋದೆವು. ಗಾಡಿ ನಾನೇ ಓಡಿಸುತ್ತಿದ್ದೆ. ಅವರನ್ನು ಹತ್ತಿಸಿಕೊಂಡು ಮರಳುವಾಗ ಟಿಳಕವಾಡಿಯ ರೈಲ್ವೆ ಗೇಟಿನ ಹತ್ತಿರ ದೀಪ ಹಾಕದೆ ತಿರುಗಿಸಿದೆ. ಪೊಲೀಸಪ್ಪ ಸೀಟಿ ಊದಿ ತಡೆದ. ತಿಂಗಳುಗಟ್ಟಲೆಯ ರೂಢಿ ನೋಡಿ, ನಾಲಿಗೆ ತಾನೇ ಹೊರಳಿತು. "ನಂದೇನೂ ತಪ್ಪಿಲ್ರೀ ಸಾಹೇಬ್ರ, ಗಾಡೀನ ಹಂಗ. ದೀಪ ಹಾಕಿದ್ರ ವೈಪರ್ ತಿರಗ್ತಾವ, ಬಾಗಲಾ ತಾವ ಕೀಲಿ ಬೀಳ್ತಾವ. ಹೋದ ವಾರ ನಮ್ಮ ಮಾವನ್ನ ಬೀಗರ ಮನಿ ಮುಂದ ಇಳ್ಯಾಕ ಬಿಡಲಿಲ್ಲ."

ಪೊಲೀಸಪ್ಪ ಕೈ ಒಳಗೆ ಹಾಕಿ ಸ್ಟಿಯರಿಂಗಿನ ಪಕ್ಕದ ದೀಪದ ಕಡ್ಡಿ ಸರಿಸಿದ. ದೀಪ ಚೆನ್ನಾಗಿ ಮಿಣುಕಿತು. "ಛಲೋ ಹತ್ತೇತೆಲ್ರೀ," ಎಂದು ಹೋದ.

ಅಪ್ಪಾಸಾಹೇಬರು ನಿಧಾನವಾಗಿ ಮಾವನವರ ಕಡೆ ತಿರುಗಿದರು. "ಅಂದ್ರ ಅವತ್ತ ನೀವು ಸಿಟ್ಟಿಗೆದ್ದು ಕುಂತಿದ್ದಿಲ್ಲ?"

"ಇಲ್ರೀ," ಎಂದರು ಮಾವನವರು ನೆಲ ನೋಡುತ್ತ, "ಸಿಕ್ಕು ಕುಂತಿದ್ದೆ."

ಅಪ್ಪಾಸಾಹೇಬರ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ನಗೆ ಬಂತು. ಕಣ್ಣು ಒರೆಸಿಕೊಂಡು ಹೇಳಿದರು: "ಕೊಟ್ಟ ಮಾತು ಕೊಟ್ಟದ್ದ. ಪೋಸ್ಟ್ ಆಫೀಸಿನ ಸೊಸಿ ಬರ್ತಾಳಂತ ನಮ್ಮಾಕಿ ಓಣಿಗೆಲ್ಲಾ ಹೇಳಿ ಆಗೇತಿ. ಆದ್ರ ಈ ಗಾಡಿ ಖರೇನ ದುರಸ್ತ ಆಗೇತೇನ್ರೀ?"

"ಪೆಟ್ಟಗಿ ಬದಲ ಮಾಡೇವ್ರೀ," ಎಂದು ಮಾವನವರು ನನ್ನ ಕಡೆ ನೋಡಿದರು. "ಇನ್ನ ಕೆಟ್ಟದ್ದು ಉಳದದ್ದಂದ್ರ ಇವರೊಬ್ಬರ. ಇವರಿಗೆ ಸ್ಪೇರು ಗೋವಾದಾಗೂ ಸಿಗಾಂಗಿಲ್ಲ."

ಮದುವೆಯ ದಿನ ಗಾಡಿ ಓಡಿಸಿದವನು ಪರಶುರಾಮ. ನನ್ನನ್ನು ಹಿಂದೆ ಬಾಳೆಕಂಬ, ಕುರ್ಚಿಗಳ ನಡುವೆ ಕೂರಿಸಿದ್ದರು. ಅಲ್ಲಿ ಗುಂಡಿಯಿಲ್ಲ, ಚಾವಿಯಿಲ್ಲ, ಮುಟ್ಟಿ ಕೆಡಿಸುವಂಥದ್ದು ಏನೂ ಇಲ್ಲವೆಂದು ಸುಜಾತಾ ಖುದ್ದಾಗಿ ನೋಡಿ ಹೋಗಿದ್ದಳು. ಆದರೂ ಮಂಟಪ ಮುಟ್ಟುವಷ್ಟರಲ್ಲಿ ಹಿಂದಿನ ಹಲಗೆಯ ಕೊಂಡಿ ಹೇಗೋ ಕಳಚಿ ನನ್ನ ಕೈಯಲ್ಲಿತ್ತು.