ನಾನು ನೋಡದ ಗೆಲುವುಗಳು

ಕ್ರಿಕೆಟ್ ಆಡುವವನು ಸೋತ ದಿನವೂ ಹೊಟ್ಟೆ ತುಂಬ ಉಂಡು ಮಲಗುತ್ತಾನೆ ಎಂದು ನನಗೆ ಬಲವಾದ ಅನುಮಾನವಿದೆ. ಇಲ್ಲದಿದ್ದರೆ ಮರುದಿನ ಅಷ್ಟು ನೀಟಾಗಿ ತಲೆ ಬಾಚಿಕೊಂಡು ವಿಮಾನ ಹತ್ತುವುದು ಹೇಗೆ ಸಾಧ್ಯ? ಅವನು ಮಾಡಬೇಕಾದ ಉಪವಾಸವನ್ನು ಇಲ್ಲಿ ಕೈಲಾಂಚದ ಪಕ್ಕದ ಒಂದು ಹಳ್ಳಿಯಲ್ಲಿ ಕೂತು ನಾನು ಮಾಡುತ್ತಿದ್ದೇನೆ. ಅವನು ಕ್ಯಾಚ್ ಬಿಟ್ಟರೆ ನಾನು ಮುದ್ದೆ ಬಿಡುತ್ತೇನೆ. ಅವನಿಗೆ ಮೊಣಕಾಲು ನೋವು ಎಂದು ಟಿವಿಯವರು ಹೇಳಿದ ದಿನ ನನಗೂ ಮೆಟ್ಟಿಲು ಹತ್ತುವಾಗ ಒಂಥರಾ ಆಗುತ್ತದೆ. ನನಗೂ ಅವನಿಗೂ ನೆಂಟಸ್ತನವಿಲ್ಲ, ಎದುರಿಗೆ ಬಂದರೆ ಅವನಿಗೆ ನನ್ನ ಗುರುತು ಹತ್ತುವುದಿಲ್ಲ. ತಂಡ ಸೋತ ಮರುದಿನ ಬೆಳಿಗ್ಗೆ ಹಾಲು ಹಾಕಲು ಡೈರಿಗೆ ಹೋಗುವುದಿದೆಯಲ್ಲ, ಅದಂತೂ ಸಾವಿನ ಮನೆಗೆ ಹೋದ ಹಾಗೇ ಇರುತ್ತದೆ. ಕ್ಯಾನು ಹಿಡಿದು ನಿಂತವರೆಲ್ಲ ತಗ್ಗಿದ ದನಿಯಲ್ಲಿ "ಆ ಓವರ್ ಅವನಿಗೆ ಕೊಡಬಾರದಾಗಿತ್ತು ಕಣ್ಲಾ" ಎನ್ನುತ್ತಾರೆ. ನಾನು ಹೌದೆಂದು ತಲೆಯಾಡಿಸಿ ಹಾಲು ಅಳೆಸಿಕೊಂಡು ಬರುತ್ತೇನೆ.

ಇಷ್ಟೇ ಆಗಿದ್ದರೆ ನಾನು ಲಕ್ಷಾಂತರ ಅಭಿಮಾನಿಗಳಲ್ಲಿ ಒಬ್ಬನಾಗಿ ಸುಮ್ಮನಿರುತ್ತಿದ್ದೆ. ನನ್ನ ಕಷ್ಟ ಬೇರೆಯದು. ನಾನು ನೋಡಿದರೆ ನಮ್ಮ ತಂಡ ಸೋಲುತ್ತದೆ.

ಇದನ್ನು ಕಂಡುಹಿಡಿದವನು ನನ್ನ ಗೆಳೆಯ ಶಿವರುದ್ರ. ಪಕ್ಕದ ಮನೆಯವನು. ಅವರ ಮನೆಯಲ್ಲೂ ಟಿವಿ ಇದ್ದರೂ, ನಮ್ಮ ಮನೆಯ ಕಾಫಿ ಇಲ್ಲದೆ ಅವನಿಗೆ ಆಟ ಅರ್ಥವಾಗುವುದಿಲ್ಲ. ಒಂದು ಭಾನುವಾರ ನಾನು ಹಸುವಿಗೆ ನೀರಿಡಲು ಎದ್ದು ಹೋದಾಗ ನಮ್ಮವರು ಚೆನ್ನಾಗಿ ಬಾರಿಸಿದರಂತೆ. ನಾನು ಬಂದು ಕೂತೆ, ವಿಕೆಟ್ ಬಿತ್ತು. ನೀರು ಸಾಕಾಯಿತೋ ಇಲ್ಲವೋ ಎಂದು ಮತ್ತೆ ಹೋದೆ, ಸಿಕ್ಸರ್. ಬಂದೆ, ಮತ್ತೊಂದು ವಿಕೆಟ್. ಶಿವರುದ್ರ ಟಿವಿ ಬಿಟ್ಟು ನನ್ನನ್ನೇ ನೋಡತೊಡಗಿದ. "ಲೇ, ಒಸಿ ಆಚೆಗೆ ಎದ್ದೋಗ್ಲಾ" ಎಂದ. ಆಮೇಲೆ ಪರೀಕ್ಷೆಗಳು ನಡೆದವು. ನನ್ನನ್ನು ಹೊಸ್ತಿಲ ಆಚೆ ನಿಲ್ಲಿಸಿದರು, ರನ್ ಬಂತು. ಒಂದು ಕಾಲು ಒಳಗಿಡಿಸಿದರು, ಎಲ್‌ಬಿಡಬ್ಲ್ಯು ಅಪೀಲು ಆಯಿತು. ಎರಡೂ ಕಾಲು ಇಟ್ಟೆ, ಅಂಪೈರು ಬೆರಳೆತ್ತಿದ. ವಿಜ್ಞಾನಿಗಳಾದರೂ ಇದಕ್ಕಿಂತ ಹೆಚ್ಚಿಗೆ ಏನು ಮಾಡಿಯಾರು?

ನನ್ನ ಹೆಂಡತಿ ಗಿರಿಜಾ ಓದಿದವಳು, ಇದನ್ನೆಲ್ಲ ನಂಬುವುದಿಲ್ಲ. "ನಂಬೋದಿಲ್ಲಪ್ಪ, ಆದ್ರೂ ಹೋಗ್ಬುಡಿ, ಯಾಕ್ ಬೇಕು" ಎಂದಳು. ನಮ್ಮ ಅವ್ವನಿಗೆ ಕ್ರಿಕೆಟ್ಟಿನಲ್ಲಿ ಯಾರು ಯಾವ ಕಡೆ ಎಂಬುದೂ ತಿಳಿಯದು. ಯಾರು ಔಟಾದರೂ "ಪಾಪ, ಯಾರು ಹೆತ್ತ ಮಗನೋ" ಎಂದು ಮರುಗುತ್ತಾಳೆ. ಆದರೆ ನನ್ನನ್ನು ಹೊರಗಟ್ಟುವ ವಿಷಯದಲ್ಲಿ ಅವಳದೇ ಕೊನೆಯ ತೀರ್ಪು. ಫೋನಿನಲ್ಲಿ ನೋಡಿಕೊಳ್ಳುತ್ತೇನೆಂದರೆ ಅದಕ್ಕೂ ಕಲ್ಲು ಹಾಕಿದಳು. "ಪೋನ್‌ನಾಗೆ ನೋಡುದ್ರೂ ನಿನ್ ಕಣ್ಣೇ ತಾನೆ ಮಗಾ? ಅದನ್ನ ಇಲ್ಲಿಟ್ಬುಟ್ಟು ಹುಳಿನ ಮನೆಗೆ ಹೋಗು" ಎಂದು ಕೈ ಚಾಚಿದಳು.

ಹೀಗೆ ನಮ್ಮ ರೇಷ್ಮೆ ಹುಳುಮನೆ ನನ್ನ ಕ್ರೀಡಾಂಗಣವಾಯಿತು. ಚಪ್ಪಲಿ ಹೊರಗೆ ಬಿಟ್ಟು, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲು ಅದ್ದಿ ಒಳಗೆ ಹೋಗಬೇಕು. ಅಲ್ಲಿ ಬೀಡಿ, ಊದುಬತ್ತಿ, ಕೂಗಾಟ ಯಾವುದೂ ಕೂಡದು. ಹುಳುಮನೆಯಲ್ಲಿ ದನಿ ಎತ್ತಬಾರದೆಂಬುದು ನಮ್ಮಪ್ಪನ ಕಾಲದಿಂದ ಬಂದ ಕಟ್ಟಳೆ. ಹುಳುಗಳು ಸೊಪ್ಪು ತಿನ್ನುತ್ತವೆ, ನಾನು ಕಿವಿಯನ್ನು ಗೋಡೆಯಾಚೆಗೆ ಬಿಟ್ಟು ಸೊಪ್ಪು ಹಾಕುತ್ತೇನೆ. ಈ ಕೇಳುವ ವಿದ್ಯೆಯಲ್ಲಿ ನಾನು ಪಳಗಿದ್ದೇನೆ. ಶಿವರುದ್ರ ಕೆಮ್ಮಿದರೆ ರನ್ ಬರುತ್ತಿಲ್ಲ ಎಂದರ್ಥ. ಗಿರಿಜಾ ಇದ್ದಕ್ಕಿದ್ದಂತೆ ಪಾತ್ರೆ ತೊಳೆಯಲು ಎದ್ದರೆ ದೊಡ್ಡ ವಿಕೆಟ್ಟೇ ಹೋಗಿರುತ್ತದೆ. ಅವ್ವನ "ಅಯ್ಯೋ ಶಿವನೇ" ಮಾತ್ರ ಯಾವ ಕೆಲಸಕ್ಕೂ ಬಾರದು, ಅವಳು ಎರಡೂ ತಂಡಕ್ಕೆ ಸಮನಾಗಿ ಮರುಗುವವಳು. ನಾನು ಒಳಗೆ ಹೋದಂದಿನಿಂದ ತಂಡವೂ ಸುಧಾರಿಸಿತು, ಹೊತ್ತುಹೊತ್ತಿಗೆ ಸೊಪ್ಪು ಬಿದ್ದು ಗೂಡೂ ಚೆನ್ನಾಗಿ ಬರತೊಡಗಿತು. ಮನೆಯಲ್ಲಿ ಎಲ್ಲರಿಗೂ ಸಂತೋಷ, ನನ್ನೊಬ್ಬನಿಗೆ ಬಿಟ್ಟು.

ಯಾಕೆಂದರೆ ನನಗೊಂದು ಆಸೆಯಿತ್ತು. ಐವತ್ತು ದಾಟಿದ ಮನುಷ್ಯ ನಾನು, ನಮ್ಮ ತಂಡ ಒಂದು ದೊಡ್ಡ ಕಪ್ಪು ಗೆಲ್ಲುವುದನ್ನು ಆಟ ನಡೆಯುವ ಹೊತ್ತಿನಲ್ಲೇ ಕಣ್ಣಾರೆ ನೋಡಬೇಕು. ಬೇರೆಯವರು ಹೇಳಿ ಕೇಳುವುದಲ್ಲ, ಮರುದಿನ ಪೇಪರಿನಲ್ಲಿ ಓದುವುದಲ್ಲ. ಕೇಳಿದರೆ ಸಣ್ಣ ಆಸೆ, ಆದರೆ ನಿಜವಾಗಿಯೂ ಅದು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು.

ಅಂಥದೊಂದು ಫೈನಲ್ ಬಂತು. ಪಂದ್ಯ ಪರದೇಶದಲ್ಲಿ, ನಮಗೆ ಮಧ್ಯಾಹ್ನ ಶುರುವಾಗಿ ದೀಪ ಹಚ್ಚುವ ಹೊತ್ತಿಗೆ ಮುಗಿಯುವಂಥದು. ಅದೇ ದಿನ ನಮ್ಮ ಹುಳುಗಳೂ ಹಣ್ಣಾದವು. ಹಣ್ಣಾಗುವುದೆಂದರೆ ಹುಳು ಸೊಪ್ಪು ಬಿಟ್ಟು, ಮೈ ತಿಳಿಯಾಗಿ, ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುವುದು. ಆಗ ಒಂದೊಂದನ್ನೇ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟೆಗೆ ಬಿಡಬೇಕು, ತಡಮಾಡುವಂತಿಲ್ಲ. ಬೇರೆ ದಿನವಾಗಿದ್ದರೆ ಮನೆಮಂದಿಯೆಲ್ಲ ಕೂತು ಆರಿಸುತ್ತಿದ್ದರು. ಅಂದು ಬಹುಪಾಲು ಹುಳು ಆರಿಸಿದವನು ನಾನೊಬ್ಬನೇ. ಸಂಜೆಯಾಗುತ್ತ ಬಂದಾಗ ತಡೆಯಲಾರದೆ ಹೊಸ್ತಿಲವರೆಗೆ ಹೋಗಿ, "ಅವ್ವ, ಕೊನೇ ಓವರ್ ಮಾತ್ರ ನೋಡ್ತೀನಿ. ಮೂಲೇಲಿ ನಿಂತ್ಕತೀನಿ" ಎಂದೆ.

ಅವ್ವ ಟಿವಿಯಿಂದ ಕಣ್ಣು ತೆಗೆಯದೆ ಕೇಳಿದಳು, "ನೀನು ನೋಡ್ಬೇಕೋ, ಅವ್ರು ಗೆಲ್ಬೇಕೋ, ಯೋಳ್ಬುಡು ಮಗಾ."

ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಇಷ್ಟು ನೇರವಾಗಿ ಕೇಳಿರಲಿಲ್ಲ. ಶಿವರುದ್ರ ತಲೆ ತಗ್ಗಿಸಿದ. ನಾನು ತಿರುಗಿ ಹೋಗಿ ಕಾಲು ಅದ್ದಿಕೊಂಡು ಒಳಗೆ ಕೂತೆ. ದುಃಖವಾಯಿತು ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ.

ಆಮೇಲೆ ಮನೆಯಿಂದ ಸದ್ದೇ ಇಲ್ಲ. ಕೆಮ್ಮಿಲ್ಲ, ಪಾತ್ರೆಯಿಲ್ಲ, ಅವ್ವನ ಶಿವನೂ ಇಲ್ಲ. ನನ್ನ ಕೈ ತನ್ನ ಪಾಡಿಗೆ ಹುಳು ಆರಿಸುತ್ತಿತ್ತು. ಹುಳುಗಳು ತಲೆ ಎತ್ತಿ, ಅವೂ ಸ್ಕೋರು ಕೇಳಿಸಿಕೊಳ್ಳಲು ಹವಣಿಸುತ್ತಿರುವಂತೆ ಕಂಡವು. ಇದ್ದಕ್ಕಿದ್ದಂತೆ ಊರಿಗೆ ಊರೇ ಕೂಗಿತು. ಪಟಾಕಿ ಹೊಡೆದರು. ನಾಯಿಗಳು ಬೊಗಳಿದವು. ನಾವು ಗೆದ್ದಿದ್ದೆವು. ನನಗೂ ಕೂಗು ಗಂಟಲವರೆಗೆ ಬಂತು, ಹುಳುಮನೆಯ ಕಟ್ಟಳೆ ನೆನಪಾಗಿ ನುಂಗಿಕೊಂಡೆ. ಎರಡೂ ಕೈಯಲ್ಲಿ ಹುಳುಗಳಿದ್ದುದರಿಂದ ಕಣ್ಣು ಒರೆಸಿಕೊಳ್ಳಲೂ ಆಗಲಿಲ್ಲ.

ಮೊದಲು ಓಡಿ ಬಂದವಳು ಅವ್ವ. ಮಗನನ್ನು ಅಪ್ಪಿಕೊಳ್ಳಲು ಬಂದವಳು ಚಂದ್ರಿಕೆ ನೋಡಿ ಅಲ್ಲೇ ನಿಂತಳು. "ಇದೇನ್ಲಾ ಮಗಾ, ಹಸೀ ಹುಳೆಲ್ಲಾ ಬುಟ್ಟಿದ್ದೀಯಲ್ಲ" ಎಂದಳು. ನೋಡಿದರೆ ನಿಜ. ಕೊನೆಯ ಓವರುಗಳಲ್ಲಿ ನಾನು ಹಣ್ಣು ಕಾಯಿ ನೋಡದೆ ಕೈಗೆ ಸಿಕ್ಕಿದ್ದನ್ನೆಲ್ಲ ಎತ್ತಿ ಹಾಕಿದ್ದೆ. ಪಾಪ, ಅವು ಇನ್ನೂ ಸೊಪ್ಪು ಬೇಕೆಂದು ಹುಡುಕಾಡುತ್ತಿದ್ದವು. ಶಿವರುದ್ರ, ಗಿರಿಜಾ ಎಲ್ಲರೂ ಸೇರಿ ಪಿಸುಮಾತಿನಲ್ಲಿ ಗೆಲುವನ್ನು ಬಣ್ಣಿಸುತ್ತ ಹಸಿ ಹುಳುಗಳನ್ನು ಆಯ್ದು ಮತ್ತೆ ಸೊಪ್ಪಿಗೆ ಬಿಟ್ಟರು. "ಈ ಕಪ್ಪು ನಿಂದೇ ಕಣ್ಲಾ" ಎಂದು ಶಿವರುದ್ರ ನನ್ನ ಕಿವಿಯಲ್ಲಿ ಹೇಳಿದ. ಮುಂದಿನ ಟೂರ್ನಿಗೂ ನನ್ನ ಜಾಗ ಅಲ್ಲೇ ಎಂಬುದು ಅದರಲ್ಲೇ ಖಚಿತವಾಯಿತು.

ಶಿವರುದ್ರನೂ ಸೇರಿ ಎಲ್ಲರೂ ಊಟಕ್ಕೆ ಕೂತಾಗ ಟಿವಿಯಲ್ಲಿ ಅದೇ ಪಂದ್ಯದ ಮುಖ್ಯ ತುಣುಕುಗಳನ್ನು ಮತ್ತೆ ತೋರಿಸುತ್ತಿದ್ದರು. ಅವ್ವನಿಗೆ ನನ್ನ ಮೇಲೆ ಕರುಣೆ ಉಕ್ಕಿತು. "ಈಗ ಕೂತ್ಕಂಡು ನೋಡು ಮಗಾ, ಗೆದ್ದಾಗೈತಲ್ಲ" ಎಂದು ಟಿವಿಗೆ ನೇರವಾಗಿ ಮಣೆ ಹಾಕಿದಳು. ಹಾಯಾಗಿ ಕೂತೆ. ಇನ್ನು ಭಯವೇನು, ಫಲಿತಾಂಶ ಊರಿಗೆಲ್ಲ ಗೊತ್ತು. ನಾನು ಕೂತ ಸ್ವಲ್ಪ ಹೊತ್ತಿಗೇ ನಮ್ಮವನೊಬ್ಬ ಔಟಾದ. ಅದು ಮಧ್ಯಾಹ್ನವೇ ಆದ ಔಟು ಎಂದು ನನಗೆ ನಾನೇ ಹೇಳಿಕೊಂಡೆ. ಇನ್ನೊಬ್ಬ ಔಟಾದ. ಗಿರಿಜಾ ನನ್ನ ಕಡೆ ಒಮ್ಮೆ ನೋಡಿದಳು. ಕೊನೆಯ ಓವರ್ ಬರುವಷ್ಟರಲ್ಲಿ ತಟ್ಟೆಯಲ್ಲಿದ್ದ ಮುದ್ದೆ ತಣ್ಣಗಾಗಿತ್ತು. ಕೈ ತೊಳೆದು ಎದ್ದೆ.

"ಎಲ್ಲಿಗ್ ಹೊಂಟ್ರಿ? ಗೆದ್ದಾಗೈತಲ್ಲ" ಎಂದಳು ಗಿರಿಜಾ.

"ಹುಳ ಹೆಂಗವೆ ಅಂತ ಒಸಿ ನೋಡ್ಕಂಡು ಬತ್ತೀನಿ" ಎಂದೆ. ಅವ್ವ ದಾರಿ ಬಿಡಲು ಕಾಲು ಮಡಚಿಕೊಂಡಳು.

ಕಾಲು ಅದ್ದಿಕೊಂಡು ಹುಳುಮನೆಯ ಒಳಗೆ ಹೋಗಿ ಬಾಗಿಲ ಪಕ್ಕದಲ್ಲಿ ನಿಂತು ಕಿವಿ ಕೊಟ್ಟೆ. ಸ್ವಲ್ಪ ಹೊತ್ತಿಗೆ ಮನೆಯೊಳಗಿಂದ ಶಿವರುದ್ರನ ಕೂಗು, ಹಿಂದೆಯೇ ಅವ್ವನ "ಪಾಪ, ಯಾರು ಹೆತ್ತ ಮಕ್ಕಳೋ" ಎಂಬ ಮರುಕ ಕೇಳಿಸಿತು. ನಾವು ಗೆದ್ದೆವೆಂದು ನನಗೆ ನಂಬಿಕೆ ಬಂದದ್ದು ಆಗಲೇ.