ಬಾಗಿಲ ಹಿಂದಿನ ಕೋಗಿಲೆ

ಸಿದ್ದಲಿಂಗಪ್ಪನವರಿಗೆ ಜೀವನದಲ್ಲಿ ಒಂದೇ ಒಂದು ಕೊರಗು. ಬಿ.ಪಿ., ಮಂಡಿನೋವು, ಪುಣೆಯ ನಿಗಡಿ ಚೌಕದ ಟ್ರಾಫಿಕ್ಕು ಇವೆಲ್ಲ ಎಲ್ಲರಿಗೂ ಇರುವಂಥವು. ಅವನ್ನು ಅವರು ಕೊರಗಿನ ಜಾತಿಗೇ ಸೇರಿಸಿರಲಿಲ್ಲ. ಅವರ ಕೊರಗು ಉನ್ನತ ಮಟ್ಟದ್ದು. ಒಬ್ಬ ಮಹಾನ್ ಗಾಯಕಿಯನ್ನು ಮದುವೆಯಾಗಿ, ಮೂವತ್ತನಾಲ್ಕು ವರ್ಷ ಒಗ್ಗರಣೆಯ ಘಾಟಿನಲ್ಲಿ ನಿಲ್ಲಿಸಿ, ಆಕೆಯ ಕಂಠವನ್ನು ತಾವೇ ಕೊಂದುಬಿಟ್ಟೆವೆಂದು ಅವರು ನಂಬಿದ್ದರು.

ನಡೆದದ್ದು ಇಷ್ಟು. ತಲೆತುಂಬ ಕೂದಲಿದ್ದ ಕಾಲದಲ್ಲಿ ಅವರು ಪುಣೆಯಿಂದ ರಬಕವಿಗೆ ಹೆಣ್ಣು ನೋಡಲು ಹೋಗಿದ್ದರು. (ಅದು ಏಳನೆಯ ಹೆಣ್ಣು. ಮೊದಲಿನ ಆರರಲ್ಲಿ ಇಬ್ಬರನ್ನು ಇವರು ಒಪ್ಪಿರಲಿಲ್ಲ. ಉಳಿದ ನಾಲ್ವರು ಇವರನ್ನು ಒಪ್ಪಿರಲಿಲ್ಲ.) ಹುಡುಗಿ ತಲೆ ತಗ್ಗಿಸಿಕೊಂಡು ಬಂದಳು, ಕೂತಳು, ತಗ್ಗಿಸಿದ ತಲೆ ಎತ್ತದೆಯೇ ಎದ್ದು ಒಳಗೆ ಹೋದಳು. ಕಂಡದ್ದು ಬೈತಲೆ ಮಾತ್ರ.

"ಹುಡುಗಿಗೆ ಹಾಡು ಬರ್ತದೇನ್ರಿ?" ಎಂದು ಸಿದ್ದಲಿಂಗಪ್ಪನವರ ಸೋದರಮಾವ ಕೇಳಿದ.

"ಬರ್ತದ್ರಿ. ಆದ್ರ ಮಂದಿ ಮುಂದ ಭಾಳ ನಾಚಿಕಿ. ಒಳಗ ಕುಂತು ಹಾಡ್ತಾಳ, ಕೇಳ್ರಿ," ಎಂದು ಹುಡುಗಿಯ ಅಜ್ಜಿ ಎದ್ದು ಒಳಗೆ ಹೋದಳು.

ಓಣಿಯ ಮಗ್ಗಗಳೆಲ್ಲ ಊಟದ ಹೊತ್ತಿಗೆ ಸುಮ್ಮನಾಗಿದ್ದವು. ಆ ಮೌನದಲ್ಲಿ ಒಳಬಾಗಿಲ ಹಿಂದಿನಿಂದ ಹಾಡು ತೇಲಿಬಂತು:

ಹೊಸ್ತಿಲ ದಾಟಿ ಬಾರೊ ಬೆಳದಿಂಗಳ
ಹಾಲಿನ ಗಿಂಡಿ ತುಂಬಿಟ್ಟೇನ…

'ಬೆಳದಿಂಗಳ' ಎನ್ನುವಲ್ಲಿ ಆ ದನಿ ಒಂದು ಸಣ್ಣ ಕೊಂಕು ತಿರುಗಿ, ಮೇಲೇರಿ, ಅಲ್ಲೇ ಒಂದು ಗಳಿಗೆ ನಿಂತು, ಮೆಲ್ಲಗೆ ಇಳಿಯಿತು. ಸಿದ್ದಲಿಂಗಪ್ಪನವರು ಮಾತ್ರ ಇಳಿಯಲಿಲ್ಲ. ಜಾತಕ, ವರದಕ್ಷಿಣೆ, ಹುಡುಗಿಯ ಮುಖ, ಯಾವುದನ್ನೂ ವಿಚಾರಿಸದೆ ಅಲ್ಲೇ "ನನಗ ಒಪ್ಪಿಗಿ ಅದ" ಎಂದುಬಿಟ್ಟರು. ಮರಳಿ ಬರುವಾಗ ಸೋದರಮಾವ ದಾರಿಯುದ್ದಕ್ಕೂ ಬೈದ. ಇವರು ಕಿಟಕಿಗೆ ತಲೆ ಆನಿಸಿ ಹಾಲಿನ ಗಿಂಡಿಯನ್ನೇ ನೆನೆಯುತ್ತಿದ್ದರು.

ಆದರೆ ಮದುವೆಯಾದ ಮೇಲೆ ಶಿವಗಂಗವ್ವ ಒಂದು ಸಾಲೂ ಹಾಡಲಿಲ್ಲ. ಕೇಳಿದಾಗಲೆಲ್ಲ ಹಾಲು ಉಕ್ಕುತ್ತಿತ್ತು, ಇಲ್ಲವೆ ಕುಕ್ಕರ್ ಕೂಗುತ್ತಿತ್ತು. ("ನಿನಗಿಂತ ಕುಕ್ಕರೇ ಛಲೋ, ಕರದಾಗ ಹಾಡ್ತದ," ಎಂದು ಒಮ್ಮೆ ಅಂದು, ಎರಡು ದಿನ ಕುಕ್ಕರಿನ ಜೊತೆಯೇ ಮಾತಾಡಬೇಕಾಗಿ ಬಂದಿತ್ತು.) ಸಿದ್ದಲಿಂಗಪ್ಪನವರು ಈ ಕಥೆಯನ್ನು ಹೇಳದ ಜಾಗವಿರಲಿಲ್ಲ. ತಾವು ದುಡಿಯುವ ತಳೇಗಾಂವದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮರಾಠಿಯಲ್ಲಿ, ಕನ್ನಡ ಸಂಘದಲ್ಲಿ ಕನ್ನಡದಲ್ಲಿ, ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದಿಟ್ಟುಕೊಂಡೇ ಹೇಳಿದ್ದರು. ಕೇಳಿದವರೆಲ್ಲ ನಿಟ್ಟುಸಿರು ಬಿಡುತ್ತಿದ್ದರು. ನಗುತ್ತಿದ್ದವನು ಒಬ್ಬನೇ: ಹೆಂಡತಿಯ ತಮ್ಮ ಮಹಾಲಿಂಗ. ತಳೇಗಾಂವದಲ್ಲೇ ಟೈರಿನ ಅಂಗಡಿ ಇಟ್ಟಿದ್ದ ದಪ್ಪ ಮೀಸೆಯ ಆಸಾಮಿ. ದನಿ ಮೊದಲ ಗೇರಿನಲ್ಲಿ ಘಾಟ್ ಹತ್ತುವ ಲಾರಿಯಂತೆ. "ರಸಗೇಡಿ, ಟೈರಿನಾವಗ ಸಂಗೀತ ಏನ್ ಗೊತ್ತು!" ಎಂದು ಸಿದ್ದಲಿಂಗಪ್ಪನವರು ಅವನನ್ನು ಕಲಾಲೋಕದಿಂದ ಬಹಿಷ್ಕರಿಸಿದ್ದರು.

ಹೀಗಿರುವಾಗ ಕಳೆದ ಅಕ್ಟೋಬರಿನಲ್ಲಿ ಒಂದು ಸಂಜೆ, ಕಾರ್ಖಾನೆಯಿಂದ ಬರುವ ಬಸ್ಸಿನಲ್ಲಿ, ಹಿಂದಿನ ಸೀಟಿನಲ್ಲಿದ್ದ ಮುದುಕಿಯೊಬ್ಬಳು ತೊಡೆಯ ಮೇಲಿನ ಮೊಮ್ಮಗುವನ್ನು ತಟ್ಟುತ್ತ ಗುನುಗಿದಳು: "ಹೊಸ್ತಿಲ ದಾಟಿ ಬಾರೊ ಬೆಳದಿಂಗಳ…" ಸಿದ್ದಲಿಂಗಪ್ಪನವರಿಗೆ ಒಮ್ಮೆಲೇ ಇಪ್ಪತ್ತೈದರ ಪ್ರಾಯ ಮರಳಿತು. ತಲೆಯ ಮೇಲೆ ಕೂದಲು ಆಡಿದಂತಾಯಿತು. ತಾವು ಇಳಿಯಬೇಕಾದ ನಿಗಡಿ ಬಂದದ್ದೂ ಹೋದದ್ದೂ ಗೊತ್ತಾಗದೆ, ಕಂಡಕ್ಟರ್ ಬೈದಾಗ ಪಿಂಪ್ರಿಯಲ್ಲಿ ಇಳಿದರು. ಅಲ್ಲಿ ಫುಟ್‌ಪಾತಿನ ಮೇಲೆ ನಿಂತು ಭೀಷ್ಮಪ್ರತಿಜ್ಞೆ ಮಾಡಿದರು: ಸತ್ತ ಕೋಗಿಲೆಗೆ ಜೀವ ತುಂಬಬೇಕು!

ಕನ್ನಡ ಸಂಘದ ಕಾರ್ಯದರ್ಶಿ ಹರ್ಷಾ, ಬೆಂಗಳೂರಿನ ಕಡೆಯ ಸಾಫ್ಟ್‌ವೇರ್ ಹುಡುಗ. ರಾಜ್ಯೋತ್ಸವಕ್ಕೆ ಕಲಾವಿದರು ಸಿಗದೆ ಒದ್ದಾಡುತ್ತಿದ್ದ. ಸಿದ್ದಲಿಂಗಪ್ಪನವರ ಫೋನ್ ಹೋದದ್ದೇ ತಡ, "ಸೂಪರ್ ಅಂಕಲ್! ಆಂಟಿಗೆ ಫೈವ್ ಮಿನಿಟ್ಸ್ ಸ್ಲಾಟ್ ಕೊಡ್ತೀನಿ, ಲವ್ ಸ್ಟೋರಿ ನಾನೇ ಅನೌನ್ಸ್ ಮಾಡ್ತೀನಿ," ಎಂದ. ಮರುದಿನವೇ ಆಮಂತ್ರಣ ಅಚ್ಚಾಯಿತು: 'ಗಾನಕೋಗಿಲೆ ಶ್ರೀಮತಿ ಶಿವಗಂಗವ್ವ ಅವರಿಂದ ಜಾನಪದ ಸುಧೆ.'

ಶಿವಗಂಗವ್ವ ಆಮಂತ್ರಣ ಓದಿದರು. ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ಓದಿದರು.

"ರೀ, ಯಾರನ್ನ ಕೇಳಿ ನನ್ನ ಹೆಸರು ಕೊಟ್ರಿ?"

"ಕಲಾಸರಸ್ವತಿನ್ನ ಕೇಳಿ ಕೊಟ್ಟೆ. ನಾ ನಿನಗ ಮಾಡಿದ ಅನ್ಯಾಯ ಸಾಕು ಶಿವಗಂಗಾ. ಇನ್ನ ಎಂಟ್ ದಿನ ಅದ. ಇವತ್ತಿಂದ ಒಲಿ ಮುಂದ ನೀ ಹೋಗೂದಿಲ್ಲ."

"ಅಲ್ರಿ, ನಾ ನಿಮಗ ಒಂದ್ ಮಾತು ಹೇಳೂದದ—"

"ಶ್! ಮಾತಾಡಬ್ಯಾಡ. ಗಂಟಲು ಸವೀತದ. ಹಾಡಾವರು ಮೌನ ಇರಬೇಕು."

ಅಲ್ಲಿಂದ ಆ ಮನೆಯಲ್ಲಿ ಸಂಗೀತ ಸಾಧನೆ ಶುರುವಾಯಿತು. ಹಾಡುವ ಸಾಧನೆ ಶಿವಗಂಗವ್ವ ಏಕಾಂತದಲ್ಲಿ ಮಾಡಿಕೊಳ್ಳುತ್ತಾರೆಂದು ಸಿದ್ದಲಿಂಗಪ್ಪನವರು ನಂಬಿ, ತಾವು ಮಿಕ್ಕ ಸಾಧನೆಗೆ ಇಳಿದರು. ಬೆಳಗಾಗೆದ್ದು ಹೆಂಡತಿಯ ಹಾಸಿಗೆಯ ಹತ್ತಿರ ಶುಂಠಿ ಚಹಾ ಇಟ್ಟರು. ಜ್ಯೇಷ್ಠಮಧುವಿನ ಕಡ್ಡಿ ತಂದರು. ಮೊಸರು, ಉಪ್ಪಿನಕಾಯಿ, ಕರಿದ ಪದಾರ್ಥಗಳನ್ನು ಗಡಿಪಾರು ಮಾಡಿದರು. ತಾವೇ ರೊಟ್ಟಿ ಬಡಿಯಲು ಕೂತಾಗ ಪಕ್ಕದ ಮನೆಯ ರಂಗೂಬಾಯಿ ಬಂದು, ಗೋಡೆಗೆ ಮೊಳೆ ಹೊಡೆಯುವುದನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ ಎಂದು ಮರಾಠಿಯಲ್ಲಿ ವಿನಂತಿಸಿ ಹೋದರು.

ಎರಡನೆಯ ದಿನ ಶಿವಗಂಗವ್ವ, "ರೀ, ಆ ಹಾಡು—" ಎಂದು ಬಾಯಿ ತೆರೆದರು. ಬಾಯಿಗೆ ಜ್ಯೇಷ್ಠಮಧು ಬಂತು. ಮೂರನೆಯ ದಿನ, "ಕೇಳ್ರಿ ಇಲ್ಲೆ, ಖರೇ ಹೇಳಬೇಕಂದ್ರ—" ಎಂದರು. ಬಿಸಿನೀರು ಬಂತು. ನಾಲ್ಕನೆಯ ದಿನದಿಂದ ಅವರು ಪ್ರಯತ್ನ ಬಿಟ್ಟು, ಕಾಲ ಕೆಳಗೆ ದಿಂಬಿಟ್ಟುಕೊಂಡು, ಮಧ್ಯಾಹ್ನದ ಧಾರಾವಾಹಿಗಳನ್ನು ಒಂದೂ ಬಿಡದೆ ನೋಡತೊಡಗಿದರು. ಮುಖದಲ್ಲಿ ಎಂಥದೋ ಕಳೆ ಬಂದಿತ್ತು. ಅದು ಕಲೆಯ ಕಳೆಯೆಂದು ಸಿದ್ದಲಿಂಗಪ್ಪನವರು ಅರ್ಥಮಾಡಿಕೊಂಡರು. ಎಂಟು ದಿನ ಪಾತ್ರೆ ತಿಕ್ಕದ ಯಾವ ಹೆಂಗಸಿಗೂ ಬರುವ ಕಳೆ ಅದೆಂದು ಅವರಿಗೆ ಹೊಳೆಯಲಿಲ್ಲ.

ರಾಜ್ಯೋತ್ಸವದ ರವಿವಾರ ಸಂಜೆ, ಸಂಘ ಹಿಡಿದಿದ್ದ ಶಾಲೆಯ ಸಭಾಗೃಹ ತುಂಬಿತ್ತು. ಮುಂದಿನ ಸಾಲಿನಲ್ಲಿ, ಬಿಳಿ ಅಂಗಿ ತೊಟ್ಟು ಮಹಾಲಿಂಗ ಕೂತಿದ್ದ.

"ಈ ರಸಗೇಡಿನ್ನ ಯಾರು ಕರದ್ರು?" ಎಂದರು ಸಿದ್ದಲಿಂಗಪ್ಪ.

"ನಾನಽ," ಎಂದರು ಶಿವಗಂಗವ್ವ, ಎಂಟು ದಿನದ ಮೌನ ಮುರಿದು.

ಹರ್ಷಾ ಲವ್ ಸ್ಟೋರಿಯನ್ನು ಮಗ್ಗ, ಬಾಗಿಲು, ಬೆಳದಿಂಗಳು ಸಮೇತ ಬಣ್ಣಿಸಿದ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಶಿವಗಂಗವ್ವ ವೇದಿಕೆ ಹತ್ತಿ ಮೈಕು ಹಿಡಿದರು. ಸಿದ್ದಲಿಂಗಪ್ಪನವರು ಕಣ್ಣು ಮುಚ್ಚಿ ರಬಕವಿಗೆ ಹೊರಟೇಬಿಟ್ಟರು.

"ಎಲ್ಲಾರಿಗೂ ನಮಸ್ಕಾರ್ರಿ. ಎಂಟ್ ದಿನದಿಂದ ನಮ್ಮನಿಯವರು ನನಗ ಬಾಯಿ ತೆಗೀಲಿಕ್ಕೆ ಬಿಟ್ಟಿಲ್ಲ. ಈಗ ಕೈಯಾಗ ಮೈಕ್ ಸಿಕ್ಕದ, ಹೇಳಿಬಿಡ್ತೀನಿ. ನನಗ ಹಾಡ್ಲಿಕ್ಕೆ ಬರೂದಿಲ್ಲ. ಅವತ್ತೂ ಬರ್ತಿದ್ದಿಲ್ಲ."

ಸಿದ್ದಲಿಂಗಪ್ಪನವರು ಕಣ್ಣು ತೆರೆದರು.

"ಬಾಗಲಾ ಹಿಂದ ಹಾಡಿದಾವ ನಮ್ಮ ತಮ್ಮ ಮಹಾಲಿಂಗ. ಆಗ ಹನ್ನೊಂದು ವರ್ಷದಾವ, ದನಿ ಇನ್ನೂ ಒಡದಿದ್ದಿಲ್ಲ. ಹೊರಗ ಬಾಯಿ ಬಿಟ್ರ ಅಕ್ಕ ಮನಿಗೆ ವಾಪಸ್ ಬರ್ತಾಳ ಅಂತ ಅಜ್ಜಿ ಹೆದರಿಸಿ, ಬೆಂಡು ಬತ್ತಾಸು ಕೊಟ್ಟು ಬಾಯಿ ಮುಚ್ಚಿಸಿದ್ಲು. ಬಾರೋ ಮಹಾಲಿಂಗ, ಹಾಡು."

ಸಭೆಯಲ್ಲಿ ಎದ್ದ ನಗೆಗೆ ಫ್ಯಾನುಗಳೂ ಅಲುಗಿದವು. ಸಿದ್ದಲಿಂಗಪ್ಪನವರ ಮನಸ್ಸಿನಲ್ಲಿ ಮೂವತ್ತನಾಲ್ಕು ವರ್ಷದಿಂದ ಹಾಲಿನ ಗಿಂಡಿ ಹಿಡಿದು ನಿಂತಿದ್ದ ಕನ್ಯೆಗೆ ನೋಡನೋಡುತ್ತಲೇ ದಪ್ಪ ಮೀಸೆ ಮೂಡತೊಡಗಿತು.

ಮಹಾಲಿಂಗ ನಾಚುತ್ತ ವೇದಿಕೆ ಹತ್ತಿದ. (ಅಷ್ಟು ದೊಡ್ಡ ಗಂಡಸು ಅಷ್ಟು ನಾಚಿದ್ದನ್ನು ಪುಣೆ ಕಂಡಿರಲಿಲ್ಲ.) ಮೊದಲ ಸಾಲು ಲಾರಿಯಂತೆಯೇ ಹೊರಟಿತು, ಯಾರೋ ಕಿಸಕ್ಕೆಂದರು. ಆದರೆ 'ಬೆಳದಿಂಗಳ' ಎನ್ನುವಲ್ಲಿ ಆ ಒರಟು ದನಿ ಸಣ್ಣದೊಂದು ಕೊಂಕು ತಿರುಗಿ, ಮೇಲೇರಿ, ಅಲ್ಲೇ ಒಂದು ಗಳಿಗೆ ನಿಂತಿತು. ಅದೇ ಕೊಂಕು. ಕಿಸಕ್ಕೆಂದವರು ಸುಮ್ಮನಾದರು. ಸಿಟ್ಟಾಗಲು ಸಿದ್ಧರಾಗಿ ಕೂತಿದ್ದ ಸಿದ್ದಲಿಂಗಪ್ಪನವರ ಕಣ್ಣಿಂದ ನೀರು ಅವರ ಅಪ್ಪಣೆ ಕೇಳದೆ ಇಳಿಯಿತು. ಹಾಡು ಮುಗಿದಾಗ, ತಾವೇನು ಮಾಡುತ್ತಿದ್ದೇವೆಂದು ತಿಳಿಯುವ ಮೊದಲೇ ಎದ್ದು ನಿಂತು, "ಒನ್ಸ್ ಮೋರ್!" ಎಂದು ಕೂಗಿದ್ದರು.

"ಅಂಕಲ್, ಹಾಗಾದ್ರೆ ಟೆಕ್ನಿಕಲಿ ನೀವು ಒಪ್ಪಿದ್ದು ಮಹಾಲಿಂಗ ಸರ್‌ನ!" ಎಂದು ಹರ್ಷಾ ಮೈಕಿನಲ್ಲೇ ಘೋಷಿಸಿ, ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ ಹಾರ ಹಾಕಿಸಿದ. ಆ ಫೋಟೋ ಮನೆ ಮುಟ್ಟುವುದರೊಳಗೆ ಸಂಘದ ಗ್ರೂಪಿನಲ್ಲಿ ಬಂದು, 'ಜೋಡಿ ಚೆನ್ನಾಗಿದೆ' ಎಂಬ ಆಶೀರ್ವಾದಗಳು ನಲವತ್ತು ದಾಟಿದ್ದವು.

ಮನೆಗೆ ನಡೆಯುವಾಗ ಸಿದ್ದಲಿಂಗಪ್ಪನವರು ಕೇಳಿದರು: "ಇಷ್ಟ್ ವರ್ಷ ಯಾಕ ಹೇಳಲಿಲ್ಲ?"

"ಆ ಕಥಿ ಹೇಳೂವಾಗ ನಿಮ್ಮ ಮಾರಿ ಎಷ್ಟು ಅರಳ್ತಿತ್ತು ಅಂತೀರಿ! ಹೆಂಗ ಹೇಳ್ಲಿ?"

"ನಾ ಹಾಡು ಕೇಳಿ ಒಪ್ಪಿದೆ. ನೀ ಏನ್ ನೋಡಿ ನನ್ನ ಒಪ್ಪಿದಿ?"

ಶಿವಗಂಗವ್ವ ನಕ್ಕರು. "ಬಾಗಲಾ ಸಂದಿಯಿಂದ ನೋಡಾಕತ್ತಿದ್ದೆ. ಹಾಡು ಕೇಳ್ಕೋತ ಬಿಸಿ ಚಹಾ ಪ್ಯಾಂಟಿನ ಮ್ಯಾಲ ಸುರುವಿಕೊಂಡ್ರಿ."

"ಅದು ನಿನಗ ಕಂಡಿತ್ತೇನು!" ಆ ಚಹಾದ ಸಂಗತಿಯೊಂದನ್ನು ಅವರು ಜೀವಮಾನದಲ್ಲಿ ಯಾರಿಗೂ ಹೇಳಿರಲಿಲ್ಲ.

"ಕಂಡಿತ್ತು. ಸುಡ್ಲಿಕ್ಕತ್ತಿತ್ತು, ಕಣ್ಣಾಗ ನೀರು ಬಂದಿತ್ತು. ಆದ್ರೂ ಹಾಡು ಮುಗಿಯೂತನಕ ನೀವು ಅಲಗಾಡ್ಲಿಲ್ಲ. ಇಷ್ಟ್ ತಡಕೊಳ್ಳೂ ಗಂಡು ಮತ್ತೆಲ್ಲಿ ಸಿಗಬೇಕು ಅಂತ ಅಜ್ಜಿಗೆ ಹೂಂ ಅಂದೆ."

ಸಿದ್ದಲಿಂಗಪ್ಪನವರಿಗೆ ಇದು ಹೊಗಳಿಕೆಯೋ ಅಲ್ಲವೋ ತಿಳಿಯಲಿಲ್ಲ. ಆದರೂ ಎದೆ ಸ್ವಲ್ಪ ಉಬ್ಬಿತು. ಹೆಂಡತಿಯ ಕೈಯಲ್ಲಿದ್ದ ಚೀಲ ತೆಗೆದುಕೊಂಡು, ಆಕೆಯ ಪಕ್ಕಕ್ಕೆ ಸರಿದು ನಡೆದರು.

ಮುಂದಿನ ರವಿವಾರ ಬೆಳಿಗ್ಗೆ ಅವರು ಇನ್ನೂ ಪೇಪರ್ ಬಿಡಿಸಿರಲಿಲ್ಲ, ಬಾಗಿಲಲ್ಲಿ ಮಹಾಲಿಂಗ ನಿಂತಿದ್ದ. ಹೊಸ ಅಂಗಿ, ತಿದ್ದಿದ ಮೀಸೆ, ಕೈಯಲ್ಲಿ ಬಾಡಿಗೆಗೆ ತಂದ ಹಾರ್ಮೋನಿಯಂ. "ಮಾವಾರ, ಧನಕವಡಿ ಕನ್ನಡ ಸಂಘದವರೂ ಕರದಾರ್ರಿ. ನೀವು ಮುಂದ ಕುಂತ್ರ ನನಗ ದನಿ ಬರ್ತದ," ಎಂದು ತಲೆ ತಗ್ಗಿಸಿದ.

ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದ ಶಿವಗಂಗವ್ವ ಟಿ.ವಿ.ಯಿಂದ ಕಣ್ಣು ತೆಗೆಯದೆ ಅಂದರು:

"ರೀ, ನೀವು ಒಪ್ಪಿದ ಹುಡುಗಿ ಬಂದಾಳ. ಹೋಗಿ ಚಹಾ ಇಡ್ರಿ. ನನಗೂ ಒಂದು ಕಪ್."